ಕುದುರೆಗೆ ಕಾಲು ತಾಕಿದರೆ

ಕಾಲು ತಾಕಿದ್ದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನನಗೆ ಸ್ವಲ್ಪ ಹೆಚ್ಚಾಗಿಯೇ ಅಂಟಿಕೊಂಡಿದೆ. ಪುಸ್ತಕ, ಮನುಷ್ಯರು ಅಂದರೆ ಸರಿ, ಯಾರೂ ತಕರಾರು ಮಾಡುವುದಿಲ್ಲ. ನಾನು ಬಚ್ಚಲುಮನೆಯ ಬಕೆಟ್ಟನ್ನೂ ಬಿಡುವವಳಲ್ಲ. ಮಲೇಷ್ಯಾದ ಸೈಬರ್‌ಜಯಾದಲ್ಲಿರುವ ನಮ್ಮ ಆಫೀಸಿನಲ್ಲಿ ಒಮ್ಮೆ ಮೇಜಿನ ಕೆಳಗಿದ್ದ ಕಂಪ್ಯೂಟರಿನ ಯುಪಿಎಸ್ ಡಬ್ಬಕ್ಕೆ ಕಾಲು ತಗುಲಿತು. ಬಗ್ಗಿ ಮುಟ್ಟಿ ಏಳುವಾಗ ತಲೆ ಮೇಜಿಗೆ ಬಡಿಯಿತು. ಪಕ್ಕದ ಸೀಟಿನ ಹುಡುಗಿ, ಪಾಪ, ನನ್ನ ಕಿವಿಯೋಲೆ ಬಿದ್ದಿದೆಯೆಂದು ತಾನೂ ಮೇಜಿನಡಿ ತೂರಿ ಬಹಳ ಹೊತ್ತು ಹುಡುಕಿದಳು. ಇಲ್ಲದ ಓಲೆಯನ್ನು ಅವಳ ಜೊತೆ ನಾನೂ ಹುಡುಕಿದೆ.

ನಮ್ಮ ಮನೆಯವರಿಗೆ ಇದು ಸದಾ ತಮಾಷೆಯ ವಸ್ತು. "ಅದು ಯುಪಿಎಸ್ ಕಣೇ, ಉಗ್ರನರಸಿಂಹ ಅಲ್ಲ. ಶಾಪ ಗೀಪ ಕೊಡಲ್ಲ" ಎನ್ನುತ್ತಿದ್ದರು. "ನಿಮಗೆ ಭಯಭಕ್ತಿ ಒಂದೂ ಇಲ್ಲ" ಎಂದು ನಾನು ಮುಖ ತಿರುಗಿಸುತ್ತಿದ್ದೆ. ಮೈಸೂರಿನಲ್ಲಿ ಮದುವೆಯಾದ ಹೊಸತರಲ್ಲಿ ಶುರುವಾದ ಈ ಜಗಳ ಮಲೇಷ್ಯಾಕ್ಕೂ ನಮ್ಮ ಜೊತೆಗೇ ವಿಮಾನ ಹತ್ತಿ ಬಂತು. ಹೋದ ವರ್ಷ ಅವರು ಇದ್ದಕ್ಕಿದ್ದಂತೆ ಹೃದಯ ನಿಂತು ಹೋಗಿಬಿಟ್ಟಾಗಲೂ ಅದು ಇತ್ಯರ್ಥವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರೂ ಮಗಳು ನಿಧಿಯೂ ಊರಾಚೆಯ ಲಾಯಕ್ಕೆ ಕುದುರೆ ಸವಾರಿಗೆ ಹೋಗುತ್ತಿದ್ದರು. ನಾನು ಒಂದು ದಿನವೂ ಹೋಗಲಿಲ್ಲ. ಭಾನುವಾರ ನನಗೆ ನಿದ್ದೆಯ ವಾರ. ನಿಧಿಯ ಪರೀಕ್ಷೆ ಮುಗಿದ ಮೇಲೆ ಅಪ್ಪ ಮಗಳು ಇಂಗ್ಲೆಂಡಿಗೆ ಹೋಗಿ, ಗುಡ್ಡಗಾಡಿನಲ್ಲಿ ಹಳ್ಳಿಯಿಂದ ಹಳ್ಳಿಗೆ ವಾರವಿಡೀ ಕುದುರೆಯ ಮೇಲೆ ತಿರುಗುವುದೆಂದು ನಿಶ್ಚಯವಾಗಿತ್ತು. ಇಬ್ಬರಿಗೂ ಬುಕ್ಕಿಂಗ್ ಆಗಿತ್ತು. ಅವರು ತೀರಿಹೋದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಮಗಳು ನನ್ನೆದುರು ಅಳುತ್ತಿರಲಿಲ್ಲ, ನಾನು ಅವಳೆದುರು ಅಳುತ್ತಿರಲಿಲ್ಲ. ಒಂದೇ ಮನೆಯ ಇಬ್ಬರು ಬಾಡಿಗೆದಾರರ ಹಾಗೆ ಮರ್ಯಾದೆಯಿಂದ ಬದುಕುತ್ತಿದ್ದೆವು. ಒಂದು ದಿನ ಅವಳು ತಟ್ಟೆ ನೋಡುತ್ತಾ, "ಶಲ್ ವಿ ಕ್ಯಾನ್ಸಲ್ ಇಟ್, ಅಮ್ಮಾ?" ಎಂದಳು. "ಯಾಕೆ? ನಾನು ಬರ್ತೀನಿ" ಎಂದುಬಿಟ್ಟೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಎಷ್ಟೋ ತಿಂಗಳಾಗಿತ್ತು ಹಾಗೆ ನೋಡಿ. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ.

ಹೀಗೆ, ಸ್ಕೂಟಿಯನ್ನೂ ಸರಿಯಾಗಿ ಓಡಿಸದ ನಾನು, ಮಗಳು ಟ್ಯೂಷನ್‌ಗೆ ಹೋಗುವ ಶನಿವಾರಗಳಲ್ಲಿ ಅದೇ ಲಾಯಕ್ಕೆ ಕಲಿಯಲು ಹೋದೆ. ಕಲಿಸುವವರು ಸೆಲ್ವಂ ಎಂಬ ತಮಿಳರು. ನನಗೆ ಕೊಟ್ಟ ಮುದಿ ಕುದುರೆಯ ಹೆಸರು ಕೋಪಿ. ಕೋಪಿ ಎಂದರೆ ಇಲ್ಲಿ ಕಾಫಿ. "ಹಿಮ್ಮಡಿಯಲ್ಲಿ ಒದಿ ಅಕ್ಕಾ, ಅಪ್ಪತಾನ್ ನಡೆಯುತ್ತೆ" ಎಂದರು, ಒದ್ದರೆ ಮಾತ್ರ ಎಂದು. ಮೈಸೂರಿನವಳಿಗೆ ಕಾಫಿಯನ್ನು ಒದೆಯಲು ಹೇಳಿದರೆ ಹೇಗಾಗಬೇಕು? ಕಣ್ಣು ಮುಚ್ಚಿ ಒದ್ದೆ. ಒದ್ದ ಮರುಕ್ಷಣವೇ ಲಗಾಮು ಬಿಟ್ಟು, ಎರಡೂ ಕೈಯಿಂದ ಅದರ ಕುತ್ತಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕೋಪಿ ಒಂದು ಹೆಜ್ಜೆ ಇಟ್ಟು, ತಟ್ಟನೆ ನಿಂತು, ನನ್ನ ಶಾಸ್ತ್ರ ಮುಗಿದ ಮೇಲೆ ತಾನಾಗಿಯೇ ಮುಂದೆ ಹೊರಟಿತು. ಪ್ರತಿ ಸಲವೂ ಹಾಗೆಯೇ. ಸೆಲ್ವಂ ನಗಲಿಲ್ಲ. "ಪರವಾಯಿಲ್ಲ ಅಕ್ಕಾ, ಕೋಪಿಗೆ ಅಭ್ಯಾಸ ಇದೆ ಲಾ" ಎಂದು ಬೇರೆ ಕಡೆ ನೋಡಿದರು. ಸಭ್ಯ ಮನುಷ್ಯ, ಸಭ್ಯ ಕುದುರೆ ಎಂದುಕೊಂಡೆ. ಕೆಲವು ಶನಿವಾರ ಕಳೆಯುವಷ್ಟರಲ್ಲಿ, ಕುದುರೆಗೆ ಇದನ್ನು ಕಲಿಸಿದವಳು ನಾನೇ ಎಂಬ ಜಂಬವೂ ಬಂತು.

ಇಂಗ್ಲೆಂಡಿನಲ್ಲಿ ನನಗೆ ಸಿಕ್ಕ ಕುದುರೆ ಬಿಸ್ಕೆಟ್. ಕಾಫಿ ಆದ ಮೇಲೆ ಬಿಸ್ಕೆಟ್ ಬರುವುದು ನ್ಯಾಯವೇ, ಆದರೆ ಇದಕ್ಕೆ ಕೋಪಿಯ ಸಂಸ್ಕಾರ ಇರಲಿಲ್ಲ. ನಾನು ಲಗಾಮು ಬಿಟ್ಟು ಕೈ ಕಣ್ಣಿಗೆ ಒಯ್ದರೆ ಸಾಕು, ತಲೆ ತಗ್ಗಿಸಿ ಹುಲ್ಲು ಮೇಯಲು ಶುರು. ಹಿಂದಿನ ಕುದುರೆಗಳೆಲ್ಲ ಒಂದರ ಬಾಲಕ್ಕೆ ಒಂದು ಮುಖ ತಾಗಿಸಿ ನಿಲ್ಲುತ್ತಿದ್ದವು. ಎರಡನೆಯ ದಿನ ಸಂಜೆ ನಮ್ಮನ್ನು ಕರೆದೊಯ್ಯುತ್ತಿದ್ದ ಹೆಲೆನ್ ಎಂಬಾಕೆ ಬಹಳ ಸೌಜನ್ಯದಿಂದ, ಇಳಿಜಾರಿನಲ್ಲಿ ಹೀಗೆ ಕೈಬಿಟ್ಟರೆ ಅಪಾಯ, ನಾಳೆಯೂ ಇದೇ ಆದರೆ ಉಳಿದ ದಿನ ನೀವು ವ್ಯಾನಿನಲ್ಲಿ ಬನ್ನಿ ಎಂದಳು. ಆ ವ್ಯಾನು ನಮ್ಮ ಸೂಟ್‌ಕೇಸುಗಳನ್ನು ಒಂದು ವಸತಿಯಿಂದ ಇನ್ನೊಂದಕ್ಕೆ ಸಾಗಿಸುವುದು. ಸೂಟ್‌ಕೇಸುಗಳ ನಡುವೆ ಕೂರಲು ನನಗೆ ನಾಚಿಕೆಯಿರಲಿಲ್ಲ. ಆದರೆ ಅಪ್ಪನ ಜಾಗ ಖಾಲಿ ಇಟ್ಟುಕೊಂಡು ಮಗಳು ಒಬ್ಬಳೇ ಗುಡ್ಡ ಹತ್ತುವುದನ್ನು ವ್ಯಾನಿನ ಕಿಟಕಿಯಿಂದ ನೋಡುವುದು ನನ್ನಿಂದಾಗದು.

ಮಾರನೆಯ ಬೆಳಿಗ್ಗೆ ಬಿಸ್ಕೆಟ್ಟಿಗೆ ಒದ್ದೆ. ಕೈ ತಾನಾಗಿ ಎದ್ದಿತು. ಹಲ್ಲು ಕಚ್ಚಿ ತಡೆದೆ. ಇನ್ನೊಮ್ಮೆ ಒದ್ದೆ, ಇನ್ನೊಮ್ಮೆ ತಡೆದೆ. ಬಿಸ್ಕೆಟ್ ಚೆನ್ನಾಗಿಯೇ ನಡೆಯಿತು. ನನಗೆ ಮಾತ್ರ, ಮೂಕಪ್ರಾಣಿಗೆ ಒದ್ದು ಕ್ಷಮೆಯನ್ನೂ ಕೇಳದ ಹೆಂಗಸಾಗಿಬಿಟ್ಟೆನಲ್ಲ ಎಂದು ಕಣ್ಣು ತುಂಬಿತು. ಅದೊಂದಕ್ಕೇ ತುಂಬಿತೆಂದು ಹೇಳಲಾರೆ. ನಿಧಿ ತನ್ನ ಕುದುರೆಯನ್ನು ಪಕ್ಕಕ್ಕೆ ತಂದಳು.

"ಅಮ್ಮಾ, ಜಸ್ಟ್ ಡು ಇಟ್. ಒಂದು ಕೈ ಸಾಕು."

"ಒಂದು ಕೈಯಾ?"

"ರೇನ್ಸ್ ಎಡಗೈಯಲ್ಲಿ." ಲಗಾಮನ್ನು ಎತ್ತಿ ತೋರಿಸಿದಳು. "ಬಲಗೈಯಲ್ಲಿ ಹೀಗೆ." ಅವಳು ತನ್ನ ಕುದುರೆಯ ಕುತ್ತಿಗೆ ಮುಟ್ಟಿ, ಹೆಲ್ಮೆಟ್ಟಿನ ಅಂಚಿನ ಕೆಳಗಿನಿಂದ ಬೆರಳು ತೂರಿಸಿ ಕಣ್ಣಿಗೊತ್ತಿಕೊಂಡಳು. "ಅಪ್ಪ ಹಾಗೇ ಮಾಡ್ತಿದ್ರು. ಎವ್ರಿ ಸಿಂಗಲ್ ಕಿಕ್. ಸೋ ಎಂಬರಾಸಿಂಗ್. ನಾನು ಅವರ ಮಗಳೇ ಅಲ್ಲ ಅನ್ನೋ ಥರ ದೂರ ಹೋಗ್ತಿದ್ದೆ."

ಇಷ್ಟು ಕನ್ನಡ ಅವಳ ಬಾಯಿಂದ ಒಟ್ಟಿಗೆ ಕೇಳಿ ಬಹಳ ದಿನವಾಗಿತ್ತು. ಅವಳು ನಕ್ಕಳು, ಆಮೇಲೆ ಅತ್ತಳು. ನಾನೂ ಅತ್ತೆ. ಬಿಸ್ಕೆಟ್ ಹುಲ್ಲು ಮೇಯಿತು. ಹೆಲೆನ್ ಹಿಂದೆ ತಿರುಗಿ ನೋಡಿದವಳು ಉಳಿದವರನ್ನು ಕಾಯಿಸಿದಳು. ಕೊನೆಯ ದಿನದವರೆಗೂ ನಾನು ವ್ಯಾನು ಹತ್ತಲಿಲ್ಲ.

ವಾಪಸು ಬಂದ ಭಾನುವಾರ ಇಬ್ಬರೂ ಲಾಯಕ್ಕೆ ಹೋದೆವು. "ನಿಮಗೆ ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದು ಸೆಲ್ವಂ ಅವರನ್ನು ಕೇಳಿದೆ. ಅವರು ಲಗಾಮಿನ ಗಂಟು ನೋಡುತ್ತಾ, "ಕೋಪಿ ಮೇಲೆ ಕೂತೇ ಸಾರ್ ಹೇಳಿದ್ರು ಅಕ್ಕಾ, ವೈಫ್‌ಗೆ ಮಾತ್ರ ತಿಳಿಯಬಾರದು, ಗೆದ್ದೆ ಅಂತ ಕುಣಿಯುತ್ತಾಳೆ ಅಂತ" ಎಂದರು.

ಗೆದ್ದದ್ದೇನೋ ನಿಜ. ಅಷ್ಟು ವರ್ಷದ ಜಗಳದಲ್ಲಿ ಕೊನೆಗೂ ನಾನೇ ಗೆದ್ದೆ. ಮನೆಗೆ ಹೋಗಿ ಯಾರ ಮುಂದೆ ಕುಣಿಯಲಿ ಎಂದು ಯೋಚಿಸುತ್ತಾ ಕೋಪಿಯ ಮೇಲೆ ಕೂತು, ಮೆಲ್ಲಗೆ ಹಿಮ್ಮಡಿ ತಾಕಿಸಿದೆ. ಬಲಗೈ ಚಾಚುವಷ್ಟರಲ್ಲಿ ಅದು ಆಗಲೇ ನಿಂತು, ಕುತ್ತಿಗೆ ಸ್ವಲ್ಪ ಓರೆ ಮಾಡಿ ಕಾಯುತ್ತಿತ್ತು. ಅದಕ್ಕೆ ಈ ಪಾಠ ಹೇಳಿಕೊಟ್ಟವಳು ನಾನೇ ಎಂದು ಇಷ್ಟು ದಿನ ಜಂಬಪಡುತ್ತಿದ್ದೆ.