ನೇರಪ್ರಸಾರಕ್ಕೆ ನುಗ್ಗಿದ ಭಾಮೈದ

ಸಂದರ್ಶನ ಎಂದರೆ ಹೆದರಬೇಕಾದವರು ಉತ್ತರ ಹೇಳುವವರು. ಕೇಳುವವನಿಗೇನು, ಒಂದು ಪ್ರಶ್ನೆ ಎಸೆದು ತಲೆಯಾಡಿಸುತ್ತ ಕೂತರಾಯಿತು ಎಂದು ಜನ ತಿಳಿದಿದ್ದಾರೆ. ಬಹಳ ಕಾಲ ನಾನೂ ಹಾಗೇ ತಿಳಿದಿದ್ದೆ. ವಾರದ ದಿನಗಳಲ್ಲಿ ರಾಮನಗರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು, ಭಾನುವಾರ ಬೆಳಿಗ್ಗೆ ಅದೇ ಊರಿನ ಕೇಬಲ್ ಚಾನೆಲ್ಲಿನಲ್ಲಿ ಊರಿನ ಗಣ್ಯರನ್ನು ಮಾತಾಡಿಸುತ್ತೇನೆ. ನನ್ನ ಅತಿಥಿಗಳೆಲ್ಲ ಸಾಧು ಜನ. ರೇಷ್ಮೆ ಬೆಳೆಯಲ್ಲಿ ಬಹುಮಾನ ಪಡೆದವರು, ರಂಗಪ್ರವೇಶ ಮಾಡಿದ ಹುಡುಗಿಯರು, ಯಾವುದೋ ಸಂಘಕ್ಕೆ ಹೊಸದಾಗಿ ಅಧ್ಯಕ್ಷರಾದವರು. “ನಿಮ್ಮ ಈ ಸಾಧನೆಗೆ ಪ್ರೇರಣೆ ಯಾರು?” ಎಂದುಬಿಟ್ಟರೆ ಸಾಕು, ಹೆತ್ತವರಿಂದ ಶುರುವಾಗಿ ಒಂದನೇ ಕ್ಲಾಸಿನ ಮೇಷ್ಟ್ರವರೆಗೆ ಎಲ್ಲರ ಹೆಸರೂ ಬರುತ್ತಿತ್ತು, ಅಷ್ಟರಲ್ಲಿ ನಾನು ಮುಂದಿನ ಪ್ರಶ್ನೆಯನ್ನಲ್ಲ, ಮಧ್ಯಾಹ್ನದ ಊಟವನ್ನು ಯೋಚಿಸಬಹುದಿತ್ತು. ಒಮ್ಮೆ ಮಾತ್ರ ಕನಕಪುರದ ಕಡೆಯ ಒಬ್ಬ ಅಧ್ಯಕ್ಷರು, “ನನಗೆ ಯಾರೂ ಪ್ರೇರಣೆ ಇಲ್ಲ, ಎಲ್ರೂ ಅಡ್ಡಗಾಲೇ ಹಾಕಿದ್ದು” ಎಂದುಬಿಟ್ಟಾಗ, ಮುಂದೇನು ಕೇಳಬೇಕೆಂದು ತೋಚದೆ ಅವರಿಗೆ ಶಾಲು ಹೊದಿಸಿ ಕಾರ್ಯಕ್ರಮ ಮುಗಿಸಿದ್ದೆ.

ಇಂಥ ನನ್ನ ಕೈಗೆ ಚಿಕ್ಕತಾಯಮ್ಮನವರನ್ನು ಒಪ್ಪಿಸಿದ್ದು ಚಾನೆಲ್ಲಿನ ಮಾಲೀಕರಾದ ಬೋರೇಗೌಡರು. ಚಿಕ್ಕತಾಯಮ್ಮನವರು ಮಾಗಡಿ ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ದೆಹಲಿಗೆ ಹೋಗಿ, ದೇಶದೇಶಗಳ ನಡುವಿನ ರಾಜಕೀಯವನ್ನು ಅಲ್ಲಿ ಕಲಿಸಿದವರು. ಸರ್ಕಾರ ಯಾವುದೇ ಇರಲಿ, ಅದರ ವಿದೇಶಾಂಗ ನೀತಿಯಲ್ಲಿ ಹುಳುಕು ತೋರಿಸದೆ ಅವರಿಗೆ ಊಟ ಸೇರದು ಎಂಬ ಖ್ಯಾತಿ. ಯುದ್ಧದ ವಿರುದ್ಧ ಬರೆದ ಒಂದು ಲೇಖನವನ್ನು ಹಿಂತೆಗೆದುಕೊಳ್ಳಿ ಎಂದಾಗ ಒಪ್ಪದೆ, ಕೆಲಸಕ್ಕೇ ರಾಜೀನಾಮೆ ಕೊಟ್ಟು, ಸಾವನದುರ್ಗದ ತಪ್ಪಲಿಗೆ ಬಂದು ಕೂತಿದ್ದರು. ಆಗಷ್ಟೇ ಗಡಿಯಲ್ಲಿ ಕಾದಾಟ ನಿಂತಿತ್ತು, ಟಿ.ವಿ.ಯಲ್ಲಿ ಇನ್ನೂ ನಿಂತಿರಲಿಲ್ಲ. “ಮೇಷ್ಟ್ರೇ, ಈ ಟೈಮಲ್ಲಿ ಆಯಮ್ಮನ ಕರ್ಕಂಬನ್ನಿ, ಇಡೀ ಜಿಲ್ಲೆ ನಮ್ಮ ಚಾನೆಲ್ ನೋಡ್ತೈತೆ,” ಎಂದರು ಗೌಡರು. “ಮಾತು ಒಸಿ ಬಿಸಿಯಾಗಿರ್ಲಿ. ಆದ್ರೆ ನಮ್ಮ ಕೈ ಸುಡಬಾರ್ದು.”

ನಾನು ಮಾಗಡಿ ದಾರಿ ಹಿಡಿದೆ. ಚಿಕ್ಕತಾಯಮ್ಮನವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬೆಳ್ಳಗಿನ ಗಿಡ್ಡ ಕೂದಲು, ದಪ್ಪ ಕನ್ನಡಕ, ಬಾಯಿ ತೆರೆದರೆ ಅಪ್ಪಟ ಮಾಗಡಿ. ನಾನು ಬಂದ ವಿಷಯ ಹೇಳುವಷ್ಟರಲ್ಲಿ ಕಾಯಿಯ ಬುಟ್ಟಿಯನ್ನು ನನ್ನ ಮುಂದೆ ಸರಿಸಿದರು. ಇಬ್ಬರೂ ಸುಲಿಯುತ್ತ ಮಾತಾಡಿದೆವು.

“ಬತ್ತೀನಿ. ಆದ್ರೆ ನೇರಪ್ರಸಾರ ಆಗ್ಬೇಕು. ಕತ್ತರಿ ಹಾಕಂಗಿಲ್ಲ,” ಎಂದರು.

“ಯಾಕೆ ಮೇಡಂ?”

“ಹಿಂದೆ ಒಬ್ರು ನನ್ನ ಮಾತು ಕತ್ತರಿಸಿ ತೋರಿಸಿದ್ರು. ಆಮೇಲೆ ಈ ಊರಲ್ಲಿ ನನಗೆ ಹಾಲು ಹಾಕೋರೂ ಇರ್ಲಿಲ್ಲ. ಕರೀ ಕಾಫಿ ಕುಡಿದೂ ಕುಡಿದೂ ನಾಲಿಗೆ ಇನ್ನೂ ಕಹಿಯಾಯ್ತು ಕಣಪ್ಪ.”

ನಾನು ಗೌಡರ ಪರವಾಗಿ ಒಪ್ಪಿಕೊಂಡೆ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಸವಿತಾಳ ಮುಖ ಸಣ್ಣದಾಯಿತು. ಅದಕ್ಕೆ ಕಾರಣವಿತ್ತು. ಅವಳ ತವರು ಚನ್ನಪಟ್ಟಣದ ಹತ್ತಿರದ ಅಕ್ಕೂರು. ಅವಳಿಗೆ ಇಬ್ಬರು ತಮ್ಮಂದಿರು. ಕಿರಿಯವನು ಮಹದೇವ ಸೈನ್ಯದಲ್ಲಿದ್ದ, ಅದೂ ಆ ಗಡಿಯಲ್ಲೇ. ಹಿರಿಯವನು ನಂಜುಂಡ ಊರಲ್ಲಿ ರೇಷ್ಮೆ ಬೆಳೆಯುತ್ತ, ಯುವಕರ ಒಂದು ಸಂಘ ಕಟ್ಟಿಕೊಂಡು, ದೇಶದ ವಿರುದ್ಧ ಯಾರು ಏನೆಂದರೂ ಮೊದಲು ಬೈಕ್ ಹತ್ತುವವನು. “ಮಹದೇವ ಅಲ್ಲಿರೋವಾಗ ನಿಮಗೆ ಇದೇ ಬೇಕಿತ್ತಾ? ನಂಜುಂಡನಿಗೆ ಗೊತ್ತಾದ್ರೆ?” ಎಂದಳು ಸವಿತಾ. ಅವನು ನಮ್ಮ ಚಾನೆಲ್ ನೋಡುವುದಿಲ್ಲ ಎಂದು ಸಮಾಧಾನ ಹೇಳಿದೆ. ನನ್ನ ಕಾರ್ಯಕ್ರಮದ ಗುಣಮಟ್ಟದ ಮೇಲೆ ನನಗೆ ಅಷ್ಟು ಭರವಸೆ.

ನಮ್ಮ ಸ್ಟುಡಿಯೋ ಇರುವುದು ಪೈಪು, ಮೋಟಾರು ಮಾರುವ ಒಂದು ಅಂಗಡಿಯ ಮೇಲೆ. ಭಾನುವಾರ ಅಂಗಡಿಗೆ ರಜ, ಷಟರ್ ಎಳೆದಿತ್ತು. ಪಕ್ಕದ ಮೆಟ್ಟಿಲು ಹತ್ತಿದರೆ ಸ್ಟುಡಿಯೋ ಒಳಗೆ ಎರಡು ಕುರ್ಚಿ, ಹಿಂದೆ ರಾಮದೇವರ ಬೆಟ್ಟದ ದೊಡ್ಡ ಚಿತ್ರ, ಎದುರಿಗೆ ಗಾಜಿನ ಆಚೆ ಕ್ಯಾಮೆರಾ, ಕಂಪ್ಯೂಟರು ಮತ್ತು ಬೋರೇಗೌಡರು. ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಬಾಲ್ಯ, ಕುರಿಮಂದೆ, ಓದು ಇವುಗಳ ಮೇಲೆ ನಾನು ಜಾರುಬಂಡೆಯಲ್ಲಿ ಜಾರಿದಂತೆ ಜಾರಿದೆ. ಆಮೇಲೆ ಜಾರಲು ಜಾಗವಿರಲಿಲ್ಲ. “ನಮ್ಮ ವಿದೇಶಾಂಗ ನೀತಿಯ ಬಗ್ಗೆ ಎರಡು ಮಾತು,” ಎಂದೆ, ಯಾವುದೋ ಗೃಹಪ್ರವೇಶದಲ್ಲಿ ಮೈಕ್ ಕೊಟ್ಟವನಂತೆ.

“ದೊಡ್ಡ ದೇಶದೋರು ಈ ಕಡೆಗೂ ಬಂದೂಕು ಮಾರ್ತಾರೆ, ಆ ಕಡೆಗೂ ಮಾರ್ತಾರೆ,” ಎಂದರು ಚಿಕ್ಕತಾಯಮ್ಮ. “ಹೊಡೆದಾಟ ಶುರುವಾದ್ಮೇಲೆ ಅವರೇ ಬಂದು ಸಮಾಧಾನ ಸಮಾಧಾನ ಅಂತಾರೆ. ನಮ್ಮೋರು ಯಾರ ಜೊತೆ ಕೈಕುಲುಕಿದ್ರು ಅನ್ನೋ ಫೋಟೋ ಸಿಕ್ತೈತೆ. ಕೈಕುಲುಕಿ ಒಳಗೆ ಏನು ಒಪ್ಕೊಂಡು ಬಂದ್ರು ಅಂತ ಕೇಳಿದ್ರೆ, ನೀನು ಯಾವ ದೇಶದೋಳು ಅಂತ ನನ್ನನ್ನೇ ಕೇಳ್ತಾರೆ. ಪತ್ರಿಕೆಯೋರು, ಟಿ.ವಿ.ಯೋರು ಅಧಿಕಾರದಲ್ಲಿರೋರನ್ನ ಪ್ರಶ್ನೆ ಮಾಡ್ಬೇಕಾ, ಪ್ರಶ್ನೆ ಮಾಡೋರನ್ನ ಪ್ರಶ್ನೆ ಮಾಡ್ಬೇಕಾ? ನೀನೇ ಯೋಳಪ್ಪ.”

ನನ್ನನ್ನು ಕೇಳಿಬಿಟ್ಟರು! ಗಾಜಿನಾಚೆ ಗೌಡರು ಎರಡೂ ಕೈಯಿಂದ ಬೆಂಕಿ ಆರಿಸುವವರಂತೆ ಸನ್ನೆ ಮಾಡುತ್ತಿದ್ದರು. “ಮೇಡಂ, ನಿಮ್ಮ ಹವ್ಯಾಸಗಳೇನು?” ಎಂದೆ.

ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. “ಅದ ಆಮೇಲೆ ಯೋಳ್ತೀನಿ. ಈ ಸಲ ಗಡಿಯಲ್ಲಿ ಹುಡುಗರು ಸತ್ತಿದ್ದು ವ್ಯರ್ಥ ಅಂತ ನಾನು ಅನ್ನೋಳಲ್ಲ. ಅವರು ಸಾಯೋ ಹಂಗೆ ಆಗಿದ್ದು ಯಾಕೆ ಅಂತ ಕೇಳೋಳು.”

ಕನ್ನಡದಲ್ಲಿ ‘ಅಲ್ಲ’ ಎನ್ನುವುದು ವಾಕ್ಯದ ಕೊನೆಗೆ ಬರುತ್ತದೆ. ಕತ್ತರಿ ಹಿಡಿದವರಿಗೆ ಇಷ್ಟು ಅನುಕೂಲವಾದ ಭಾಷೆ ಇನ್ನೊಂದಿರಲಾರದು. ನಾವು ಕತ್ತರಿ ಹಾಕಲಿಲ್ಲ, ನಿಜ. ಆದರೆ ಮನೆಯಲ್ಲಿ ಕೂತು ನೋಡುತ್ತಿದ್ದವನೊಬ್ಬ ಟಿ.ವಿ.ಯ ಮುಂದೆ ಮೊಬೈಲ್ ಹಿಡಿದಿದ್ದ. ಸ್ವಲ್ಪ ಹೊತ್ತಿಗೆಲ್ಲ “ಹುಡುಗರು ಸತ್ತಿದ್ದು ವ್ಯರ್ಥ” ಎಂಬಲ್ಲಿಗೆ ನಿಂತ ತುಣುಕು ಇಡೀ ಜಿಲ್ಲೆಯ ಫೋನುಗಳಲ್ಲಿ ಓಡಾಡುತ್ತಿತ್ತು. ನನಗೆ ಅದು ತಿಳಿದದ್ದು ಸವಿತಾ ಕಳಿಸಿದ ಮೆಸೇಜಿನಿಂದ: “ನಂಜುಂಡ ಹೊರಟಿದ್ದಾನೆ. ತುಣುಕಲ್ಲಿ ಆಯಮ್ಮ ಮಾತ್ರ ಇರೋದು, ನೀವು ಅಲ್ಲಿರೋದು ಅವನಿಗೆ ಗೊತ್ತಿಲ್ಲ. ಫೋನ್ ಎತ್ತುತ್ತಿಲ್ಲ.”

ಅರ್ಧ ಗಂಟೆಯೊಳಗೆ ಕೆಳಗೆ ಬೈಕುಗಳು ಬಂದು ನಿಂತ ಸದ್ದು. ಆಮೇಲೆ ಘೋಷಣೆ. ಆಮೇಲೆ ಯಾರೋ ಷಟರಿಗೆ ಒದ್ದರು. ಆ ತಗಡಿನ ಸದ್ದು ಕೆಳಗಿನಿಂದ ನನ್ನ ಕುರ್ಚಿಯ ಕಾಲಿಗೆ, ಅಲ್ಲಿಂದ ನನ್ನ ಕಾಲಿಗೆ ಬಂತು. ಒಂದು ಕಲ್ಲು ಕಿಟಕಿಗೆ ಬಡಿದು ಗಾಜು ಬಿರುಕು ಬಿಟ್ಟಿತು. ಮಡಿಲಲ್ಲಿದ್ದ ಚಿಕ್ಕತಾಯಮ್ಮನವರ ಬೆರಳು ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದನ್ನು ನಾನು ನೋಡಿದೆ. ಅವರಿಗೂ ಭಯವಿದೆ ಎಂದು ಗೊತ್ತಾಗಿ ನನ್ನ ಭಯ ಕಡಿಮೆಯಾಗಬೇಕಿತ್ತು. ಇಮ್ಮಡಿಯಾಯಿತು.

ಗೌಡರು ನನ್ನ ಕಿವಿಯೊಳಗಿನ ಯಂತ್ರದಲ್ಲಿ ಪಿಸುಗುಟ್ಟಿದರು: “ಕರೆಂಟ್ ಹೋಯ್ತು ಅಂತ ಯೋಳ್ಬುಡಿ ಮೇಷ್ಟ್ರೇ. ನಾನು ಆಫ್ ಮಾಡ್ಬುಡ್ತೀನಿ.”

ನಾನು ಕ್ಯಾಮೆರಾಗೆ ನಕ್ಕೆ. “ವೀಕ್ಷಕರೇ, ವಿದ್ಯುತ್ ವ್ಯತ್ಯಯದಿಂದಾಗಿ...”

“ಎಲ್ಲೋಯ್ತಪ್ಪ ಕರೆಂಟು?” ಎಂದರು ಚಿಕ್ಕತಾಯಮ್ಮ, ತಲೆಯ ಮೇಲಿನ ದೀಪ ನೋಡುತ್ತ. “ಉರೀತಾನೇ ಐತಲ್ಲ!” ಅದೂ ಪ್ರಸಾರವಾಯಿತು. ಇಷ್ಟಾದ ಮೇಲೆ ಆಫ್ ಮಾಡಿದರೆ ಊರಲ್ಲಿ ಮುಖ ತೋರಿಸುವಂತಿಲ್ಲ ಎನಿಸಿತೋ ಏನೋ, ಗೌಡರ ಕೈ ಸ್ವಿಚ್ಚಿನ ಮೇಲೆಯೇ ನಿಂತುಬಿಟ್ಟಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಗಿ ಬಾಗಿಲು ತೆರೆಯಿತು. ನಂಜುಂಡ. ಕಣ್ಣು ಕೆಂಪಗಾಗಿತ್ತು, ಅಂಗಿ ಬೆವರಿಗೆ ಅಂಟಿತ್ತು. ಬೆನ್ನ ಹಿಂದೆ ಇನ್ನಿಬ್ಬರು. “ಯಾವೋಳು ಅದು ನಮ್ಮ ಹುಡುಗರು ಸತ್ತಿದ್ದು...” ಎಂದು ಕೂಗುತ್ತ ನುಗ್ಗಿದವನು ನನ್ನ ಮುಖ ಕಂಡು ಗಕ್ಕನೆ ನಿಂತ. “ಭಾವ? ನೀವೇನು ಇಲ್ಲಿ?”

“ಕಾರ್ಯಕ್ರಮ, ನಂಜುಂಡ,” ಎಂದೆ. ಇಡೀ ಜಿಲ್ಲೆಯ ಎದುರಿಗೆ ಅಷ್ಟು ಮಾತ್ರ ನನ್ನ ಬಾಯಿಂದ ಹೊರಟದ್ದು.

“ಅವನ್ನ ಯಾಕೆ ಕೇಳ್ತೀಯ, ನನ್ನ ಕೇಳು,” ಎಂದರು ಚಿಕ್ಕತಾಯಮ್ಮ. “ಬೈಯೋದಿದ್ರೆ ಕೂತ್ಕೊಂಡು ಬೈಯಿ ಮಗ. ನಿಂತ್ಕೊಂಡು ಬೈದ್ರೆ ನಿನ್ನ ಮುಖ ಕಾಣಾಕಿಲ್ಲ ನಂಗೆ.”

ನಂಜುಂಡನಿಗೆ ಕೂರಲು ಕುರ್ಚಿ ಬೇಕಿತ್ತು. ಇದ್ದದ್ದು ಎರಡೇ. ನಾನು ಎದ್ದೆ. ಅವನು ಕೂತ.

“ನನ್ನ ತಮ್ಮ ಗಡಿಯಲ್ಲವ್ನೆ,” ಎಂದ. “ಅವನು ಅಲ್ಲಿ ನಿಂತಿರೋದು ವ್ಯರ್ಥನಾ?”

“ನಾನು ಹಂಗೆ ಅನ್ನಲಿಲ್ಲ. ನಿನಗೆ ತೋರ್ಸಿದೋರು ಕೊನೆ ಮಾತು ಕತ್ತರ್ಸವ್ರೆ. ಅವನನ್ನ ಅಲ್ಲಿ ನಿಲ್ಸಿದೋರು ಯಾಕೆ ನಿಲ್ಸಿದ್ರು ಅಂತ ಕೇಳ್ತಿದೀನಿ.”

“ನೀವು ಇಲ್ಲಿ ಕೂತ್ಕೊಂಡು ಹಿಂಗೆ ಕೇಳುದ್ರೆ ಅಲ್ಲಿ ಅವನ ಎದೆ ಕುಗ್ಗಲ್ವಾ?”

ಚಿಕ್ಕತಾಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ನನ್ನ ಒಂದು ಪ್ರಶ್ನೆಗೂ ಅವರು ಕನ್ನಡಕ ತೆಗೆದಿರಲಿಲ್ಲ. “ಕುಗ್ಗಬೌದು,” ಎಂದರು. “ಅದು ನಿಜ ಕಣಪ್ಪ. ಕೇಳದೇ ಇದ್ರೆ ಇನ್ನೊಂದಷ್ಟು ಹುಡುಗರು ಹೋಗ್ತಾರೆ ಅನ್ನೋ ಭಯಕ್ಕೆ ಕೇಳ್ತೀನಿ. ನಿನ್ನ ತಮ್ಮ ಚೆನ್ನಾಗವ್ನಾ? ಫೋನ್ ಮಾಡ್ತಾನಾ?”

ನಂಜುಂಡ ಬೆನ್ನ ಹಿಂದಿನ ಗೆಳೆಯರತ್ತ ಒಮ್ಮೆ ತಿರುಗಿ ನೋಡಿದ. ಆಮೇಲೆ ಹೇಳಿದ್ದು ಅವನು ಹೇಳಲೆಂದು ಬಂದದ್ದಲ್ಲ. “ಕಾದಾಟದ ಟೈಮಲ್ಲಿ ಫೋನೇ ಇರ್ಲಿಲ್ಲ. ಟಿ.ವಿ.ಯಲ್ಲಿ ಒಬ್ಬ ಕೂಗ್ದ, ಅವನಿದ್ದ ಗಡಿ ಠಾಣೆ ಉಡಾಯಿಸ್ಬುಟ್ರು ಅಂತ. ಅವ್ವ ಅಲ್ಲೇ ಬಿದ್ದೋಯ್ತು. ಆಮೇಲೆ ನೋಡುದ್ರೆ ಸುಳ್ಳು. ಸುಳ್ಳು ಅಂತ ಆ ಟಿ.ವಿ.ಯೋರು ಯೋಳ್ಲೇ ಇಲ್ಲ. ತಮ್ಮನೇ ಫೋನ್ ಮಾಡಿ, ನಾನು ಇದೀನಿ ಅಂದ.” ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ. “ಆಸ್ಪತ್ರೆಯಿಂದ ಬಂದ್ಮೇಲೂ ಅವ್ವ ಟಿ.ವಿ. ಹಾಕಿದ್ರೆ ಎದ್ದು ಆಚೆ ಹೋಯ್ತದೆ.”

ಅತ್ತೆ ಬಿದ್ದ ಆ ಸಂಜೆ ಅಕ್ಕೂರಿನ ಆ ಮನೆಯಲ್ಲಿ ನಾನೂ ಇದ್ದೆ. ಅತ್ತೆಯವರ ತಲೆಗೆ ನೀರು ತಟ್ಟುತ್ತಲೇ, ಇನ್ನೇನು ಹೇಳುತ್ತಾರೋ ಎಂದು ಟಿ.ವಿ.ಯ ಕಡೆಗೇ ಕತ್ತು ಚಾಚಿದ್ದೆ. ಮಾಧ್ಯಮದ ಬಗ್ಗೆ ಪ್ರಶ್ನೆ ತಯಾರಿಸಲು ಒಂದು ವಾರ ತಲೆ ಕೆರೆದುಕೊಂಡ ನನಗೆ ಅದು ನೆನಪಿಗೇ ಬಂದಿರಲಿಲ್ಲ. ಚಿಕ್ಕತಾಯಮ್ಮ ಕೈಚಾಚಿ ನಂಜುಂಡನ ಮೊಣಕೈ ಹಿಡಿದುಕೊಂಡರು. “ನಾನೂ ಇದನ್ನೇ ಯೋಳ್ತಿದೀನಿ ಮಗ,” ಎಂದರು. “ನೀನಂದ್ರೆ ಸಂಕಟ, ನಾನಂದ್ರೆ ದ್ರೋಹ.”

ನಂಜುಂಡ ಕೈ ಬಿಡಿಸಿಕೊಳ್ಳಲಿಲ್ಲ; ಒಪ್ಪಲೂ ಇಲ್ಲ. “ನಿಮ್ ಮಾತು ನಂಗೆ ಪೂರ್ತಿ ಸರಿಬೀಳಾಕಿಲ್ಲ ಅವ್ವ,” ಎಂದ. ಆಗ ಗೌಡರು ಪ್ರಸಾರ ನಿಲ್ಲಿಸಿದರು.

ಆದರೆ ಕೆಳಗಿದ್ದವರು ಪ್ರಸಾರ ನೋಡಿರಲಿಲ್ಲ, ತುಣುಕನ್ನಷ್ಟೇ ನೋಡಿದ್ದರು. ಷಟರ್ ಇನ್ನೂ ಬಡಿಯುತ್ತಿತ್ತು. ಪೊಲೀಸರಿಗೆ ಫೋನ್ ಮಾಡಿದ್ದಕ್ಕೆ, ಬರುತ್ತಿದ್ದೇವೆ, ಅಲ್ಲಿಯವರೆಗೆ ಹೊರಗೆ ಬರಬೇಡಿ ಎಂಬ ಉತ್ತರ ಬಂತು. ಅಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಏನೋ ಸುಟ್ಟ ವಾಸನೆ. ಯಾರೋ ಚಾನೆಲ್ಲಿನ ಬ್ಯಾನರಿಗೆ ಬೆಂಕಿ ಹಚ್ಚಿದ್ದರು. ಗೌಡರು ಕಾರಿನ ಕೀಲಿಯನ್ನು ನಂಜುಂಡನ ಕಡೆ ಎಸೆದು, ನೀರಿನ ಕ್ಯಾನ್ ಹೊತ್ತು ಓಡಿ ಅದನ್ನು ಆರಿಸಿದರು.

“ನಡೀರಿ ಅವ್ವ, ಹಿಂದ್ಗಡೆಯಿಂದ ಹೋಗದು ಬ್ಯಾಡ, ಮುಂದ್ಗಡೆಯಿಂದ್ಲೇ ಹೋಗವ,” ಎಂದ ನಂಜುಂಡ. ಅವರ ಭುಜ ಬಳಸಿ ಇಳಿದ. ಹಿಂದೆ ಅವನ ಇಬ್ಬರು ಗೆಳೆಯರು, ಅವರ ಹಿಂದೆ ನಾನು. ಹೊರಗೆ ಹೊಗೆ, ಬಿಸಿಲು, ಎತ್ತಿದ ಕೈಗಳು. “ಏನ್ಲಾ ನಂಜುಂಡ, ನೀನೂ ಮಾರ್ಕಂಡ್ಯಾ?” ಎಂದು ಅವನ ಸಂಘದವನೇ ಕೂಗಿದ. ಒಂದು ಚಪ್ಪಲಿ ಹಾರಿಬಂದು ನಂಜುಂಡನ ಕಿವಿಗೆ ಬಡಿಯಿತು. ಅವನು ಕಿವಿಯನ್ನೂ ಮುಟ್ಟಿಕೊಳ್ಳದೆ, “ವಯಸ್ಸಾದ ಹೆಂಗಸು ಕಣ್ರಲಾ! ದಾರಿ ಬುಡ್ರಲಾ!” ಎಂದು ಅರಚಿದ. ಯಾರೂ ದಾರಿ ಬಿಡಲಿಲ್ಲ, ಯಾರೂ ಮುಟ್ಟಲೂ ಇಲ್ಲ. ನೂಕಿಕೊಂಡೇ ಗೌಡರ ಕಾರು ಹತ್ತಿಸಿ, ತಾನೇ ಓಡಿಸಿಕೊಂಡು ಸಾವನದುರ್ಗದ ಕಡೆ ಹೊರಟ.

ಕಾರಿನಲ್ಲಿ ನನಗೂ ಜಾಗವಿತ್ತು. ಗಲಾಟೆಯಲ್ಲಿ ಹತ್ತಲಾಗಲಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ.

ಗೌಡರು ಅಂದೇ ಸಂಜೆ ಆ ಕಾರ್ಯಕ್ರಮವನ್ನು ಎಲ್ಲ ಕಡೆಯಿಂದ ಅಳಿಸಿದರು. ನಂಜುಂಡನನ್ನು ಅವನ ಸಂಘದವರೇ ಹೊರಗೆ ಹಾಕಿದರು. ಚಿಕ್ಕತಾಯಮ್ಮನವರಿಗೆ ಮತ್ತೆ ಹಾಲು ನಿಂತಿತು. ಈ ಸಲ ಅಕ್ಕೂರಿನಿಂದ ನಂಜುಂಡ ಆಗಾಗ ಹೋಗಿ, ಹಾಲು ಕೊಟ್ಟು, ಒಂದು ಗಂಟೆ ಜಗಳವಾಡಿ ಬರುತ್ತಾನೆ.

ಮುಂದಿನ ಭಾನುವಾರ ಅಕ್ಕೂರಿನಲ್ಲಿ ಎಲ್ಲರೂ ಕೂತಿದ್ದಾಗ ಮಹದೇವನ ಫೋನ್ ಬಂತು. ನಂಜುಂಡ ಸ್ಪೀಕರ್ ಹಾಕಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, “ಈಗ ನೀನೇ ಯೋಳು, ಆಯಮ್ಮ ಹಂಗೆ ಕೇಳಿದ್ದಕ್ಕೆ ನಿನ್ ಎದೆ ಕುಗ್ತಾ?” ಎಂದ. “ಅದೆಲ್ಲ ಇರ್ಲಿ, ಅವ್ವನ ಕೈಗೆ ಕೊಡು,” ಎಂದ ಮಹದೇವ. ಅತ್ತೆ ಮಾತಾಡಿದರು, ಅತ್ತರು, ನಕ್ಕರು, ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟರು.

ಎಲ್ಲರೂ ನನ್ನ ಕಡೆ ತಿರುಗಿದರು. ಈ ಸಲ ಬಿಡಬಾರದು ಎಂದುಕೊಂಡೆ. ಅಲ್ಲಿ ನಿಜಕ್ಕೂ ಏನಾಯಿತು, ಟಿ.ವಿ.ಯಲ್ಲಿ ಹೇಳಿದ್ದರಲ್ಲಿ ಎಷ್ಟು ಸುಳ್ಳು, ನಿನಗೆ ಭಯವಾಗಿತ್ತೇ, ಯಾರ ಮೇಲಾದರೂ ಸಿಟ್ಟಿದೆಯೇ ಎಂದು ಪ್ರಶ್ನೆಗಳು ಗಂಟಲವರೆಗೆ ಸಾಲಾಗಿ ಬಂದು ನಿಂತವು. ಗಂಟಲು ಸರಿಮಾಡಿಕೊಂಡೆ. ನಂಜುಂಡ ಮುಂದಕ್ಕೆ ಬಾಗಿದ.

“ಊಟ ಆಯ್ತೇನಪ್ಪ?” ಎಂದೆ.

“ಆಯ್ತು ಭಾವ. ನಿಮ್ದು?”

“ಇನ್ನು ಮೇಲೆ,” ಎಂದು, ಫೋನನ್ನು ಜೋಪಾನವಾಗಿ ಸವಿತಾಳ ಕೈಗೆ ದಾಟಿಸಿದೆ.