ಅವ್ವೆಗೊಂದು, ದೇವರಿಗೊಂದು

ತಲೆಯ ಕೂದಲನ್ನೆಲ್ಲ ಒಂದೊಂದಾಗಿ ಎಣಿಸಿಟ್ಟಿರುವ ದೇವರು ನಮ್ಮ ಮಾಮಿಯ ವಿಷಯದಲ್ಲಿ ಮಾತ್ರ ಅಂದಾಜಿನ ಮೇಲೆ ನಡೆಯುತ್ತಿದ್ದನೆಂದು ನನ್ನ ನಂಬಿಕೆ. ಪಾಪ, ಅವನಿಗಾದರೂ ಬೇರೆ ದಾರಿ ಎಲ್ಲಿತ್ತು? ಆ ತಲೆಯನ್ನು ಬರಿದಾಗಿ ಕಂಡವರು ನಮ್ಮ ಕೇರಿಯಲ್ಲಿ ಒಬ್ಬರೂ ಇರಲಿಲ್ಲ. ಅವಳ ಮಡಿಲಲ್ಲೇ ಬೆಳೆದ ನಾನೂ ಕಂಡಿರಲಿಲ್ಲ. ಚಿಕ್ಕವಳಿದ್ದಾಗ ನಾನು, ಮಾಮಿಯ ತಲೆ ಬಟ್ಟೆಯಿಂದಲೇ ಆದದ್ದು, ಬಿಚ್ಚುತ್ತ ಹೋದರೆ ಎಲೆಕೋಸಿನ ಹಾಗೆ ಕೊನೆಯವರೆಗೂ ಪದರವೇ ಸಿಗುತ್ತದೆ ಎಂದು ತಿಳಿದಿದ್ದೆ.

ಮಾಮಿ ಎಂದರೆ ಅಪ್ಪನ ತಂಗಿ. ನಾವು ಬಡಗರು ಹಾಗೆಯೇ ಕರೆಯುವುದು. ಗಂಡ ತೀರಿಹೋದ ಮೇಲೆ ಅವಳು ನಮ್ಮ ಮನೆಗೆ ಬಂದಳು; ನನ್ನ ತಾಯಿ ಹೋದ ಮೇಲೆ ಆ ಮನೆಯೇ ಅವಳದಾಯಿತು. ನೀಲಗಿರಿಯಲ್ಲಿ, ಸೋಲೂರಿನ ಕಡೆಯ ಒಂದು ಇಳಿಜಾರಿನಲ್ಲಿ ನಮ್ಮ ಕ್ರೈಸ್ತರ ಕೇರಿ: ಹನ್ನೆರಡು ಮನೆ, ಒಂದು ಸಣ್ಣ ಪ್ರಾರ್ಥನಾಲಯ, ಉಳಿದದ್ದೆಲ್ಲ ಆಲೂಗಡ್ಡೆ. ಹಳ್ಳದ ಆಚೆ, ಎದುರಿನ ಇಳಿಜಾರಿನಲ್ಲಿ, ನಮ್ಮ ಹಳೆಯ ಹಟ್ಟಿ. ಅಲ್ಲಿ ನನ್ನ ಹೆತ್ತೆ, ಅಂದರೆ ಅಪ್ಪನ ಮತ್ತು ಮಾಮಿಯ ತಾಯಿ, ಒಬ್ಬಳೇ ಇದ್ದಳು. ಮಕ್ಕಳಿಬ್ಬರೂ ಕ್ರೈಸ್ತರಾದ ದಿನ, "ಹಳ್ಳ ದಾಟಿದವರ ಜೊತೆ ಎನಗ ಮಾತಿಲ್ಲೆ" ಎಂದಳಂತೆ. ಅಂದಿನಿಂದ ಇಪ್ಪತ್ತು ವರ್ಷ ಆ ಮಾತನ್ನು ಉಳಿಸಿಕೊಂಡಿದ್ದಳು. ಅಪ್ಪ ಒಂದೆರಡು ವರ್ಷ ಕೊರಗಿ ಸುಮ್ಮನಾದರು. ಮಾಮಿ ಸುಮ್ಮನಾಗಲಿಲ್ಲ. ಸುಮ್ಮನಾಗುವುದು ಅವಳಿಗೆ ಬರುತ್ತಿರಲಿಲ್ಲ.

ಪ್ರಾರ್ಥನೆ ಮಾಡುವ ಹೆಂಗಸು ತಲೆ ಮುಚ್ಚಬೇಕು ಎಂದು ಪ್ರಾರ್ಥನಾಲಯದ ಉಪದೇಶಿಗಳು ಒಮ್ಮೆ ಬೋಧಿಸಿದ್ದರು. ಉಳಿದ ಹೆಂಗಸರು ಇದನ್ನು ಕೇಳಿ ಭಾನುವಾರ ಸೆರಗು ಹೊದ್ದುಕೊಂಡು, ಮನೆಗೆ ಬಂದು ಇಳಿಸಿದರು. ಮಾಮಿ ಯೋಚಿಸಿದಳು. ತಾನು ಪ್ರಾರ್ಥಿಸದ ಹೊತ್ತು ಯಾವುದು? ಹಾಲು ಕರೆಯುವಾಗ ಎಮ್ಮೆ ಒದೆಯದಿರಲೆಂದು ಪ್ರಾರ್ಥನೆ. ಗಡ್ಡೆ ಅಗೆಯುವಾಗ ಹುಳ ಬೀಳದಿರಲೆಂದು ಪ್ರಾರ್ಥನೆ. ಸೌದೆ ಹೊತ್ತಿಕೊಳ್ಳದಿದ್ದರೆ ಪ್ರಾರ್ಥನೆ, ಹೊತ್ತಿಕೊಂಡರೆ ಸ್ತೋತ್ರ. ಹೀಗಿರುವಾಗ ಪ್ರತಿ ಸಲವೂ ಮುಚ್ಚಿ ತೆಗೆಯುವ ಕೆಲಸ ಯಾರಿಗೆ ಬೇಕು? ಮುಚ್ಚಿಯೇ ಇದ್ದುಬಿಟ್ಟಳು! ತಲೆಗೆ ನೀರು ಹಾಕಿಕೊಳ್ಳುವ ದಿನ ಬಚ್ಚಲಿನ ಅಗುಳಿ ಹಾಕಿ ಗಟ್ಟಿಯಾಗಿ ಹಾಡುತ್ತಿದ್ದಳು. ಹೊರಗೆ ಬರುವಾಗ ಒದ್ದೆ ತಲೆಯ ಮೇಲೆ ಒಣ ಬಟ್ಟೆ ಆಗಲೇ ಕಟ್ಟಿರುತ್ತಿತ್ತು.

ಬಟ್ಟೆ ಎಂದೆನಲ್ಲ, ಒಂದಲ್ಲ, ಎರಡು. ಒಳಗಡೆ ಹಟ್ಟಿಯ ಹೆಂಗಸರು ಹಣೆಯ ಮೇಲಿಂದ ಬಿಗಿಯಾಗಿ ಕಟ್ಟುವ ಬಿಳಿಯ ಮಂಡೆಪಟ್ಟು. ಅದರ ಮೇಲೆ ಸೀರೆಯ ಸೆರಗು. ನಮ್ಮ ಉಪದೇಶಿಗಳು ಕೆಳನಾಡಿನವರು, ಸಾಧುಗಳು. ಆದರೆ ಈ ಮಂಡೆಪಟ್ಟು ಅವರ ಕಣ್ಣಿಗೆ ಮುಳ್ಳಾಗಿತ್ತು. ಒಂದು ಭಾನುವಾರ ಬಾಗಿಲಲ್ಲೇ ತಡೆದು ಕೇಳಿದರು.

"ಅಮ್ಮಾ, ಹಳೆಯದನ್ನೆಲ್ಲ ಬಿಟ್ಟು ಬಂದವರು ನೀವು. ಈ ಹಟ್ಟಿಯ ಬಟ್ಟೆ ಇನ್ನೂ ಯಾತಕ್ಕೆ? ತಲೆ ಒಂದೇ ಅಲ್ಲವೇ, ಎರಡು ಬಟ್ಟೆ ಏಕೆ?"

"ಕೆಳಗಿಂದು ಅವ್ವೆಗ, ಮೇಲಿಂದು ದೇವರಿಗ, ಅಯ್ಯಾ."

"ಒಂದನ್ನಾದರೂ ತೆಗೆಯಬಾರದೇ?"

"ತೆಗೀತೇನೆ. ಯಾವುದ ತೆಗೀಲಿ, ನೀವೇ ಹೇಳಿ. ಅವ್ವೆದ ತೆಗೆದರೆ ಅವ್ವೆ ಅಳುತ್ತಾಳೆ. ದೇವರದ ತೆಗೆದರೆ ನೀವು ಅಳುತ್ತೀರಿ."

ಉಪದೇಶಿಗಳು ಸೋಲಲಿಲ್ಲ. ಆರಾಧನೆಯ ಸ್ಥಳದಲ್ಲಿ ಇಂಥದ್ದೆಲ್ಲ ಶೋಭಿಸುವುದಿಲ್ಲ ಎಂದರು. ಆ ದಿನ ಊಟಿಯಿಂದ ದೊರಸಾನಿಯೊಬ್ಬರು ಬಂದು ಮುಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರ ಟೋಪಿಯ ಮೇಲೆ ಸತ್ತ ಹಕ್ಕಿಯೊಂದು, ಗಾಜಿನ ಕಣ್ಣು ಬಿಟ್ಟುಕೊಂಡು, ಎರಡೂ ರೆಕ್ಕೆ ಹರಡಿ ನಿಂತಿತ್ತು. ಮಾಮಿ ಅದನ್ನು ಬಹಳ ಹೊತ್ತು ನೋಡಿದಳು.

"ಅಯ್ಯಾ, ದೊರಸಾನಿ ಮಂಡೆ ಮೇಲೆ ಹಕ್ಕಿ ಕೂರಬಹುದು, ಎನ್ನ ಮಂಡೆ ಮೇಲೆ ಎನ್ನ ಅವ್ವೆ ಕೂರಬಾರದಾ?"

ಉಪದೇಶಿಗಳು ಒಳಗೆ ಹೋಗಿ ಆ ದಿನ ತಾಳ್ಮೆಯ ವಿಷಯವಾಗಿ ಪ್ರಸಂಗ ಮಾಡಿದರು.

ಮದ್ರಾಸಿನಲ್ಲಿ ಬಿ.ಎ. ಮುಗಿಸಿ ನಾನು ಹಿಂತಿರುಗಿದ್ದು ಅದೇ ವರ್ಷ. ಕಾಲೇಜಿನ ಹಾಸ್ಟೆಲಿನಲ್ಲಿ ಯಾರೂ ತಲೆ ಮುಚ್ಚುತ್ತಿರಲಿಲ್ಲ. ನನಗೂ ಅದೇ ಅಭ್ಯಾಸವಾಗಿತ್ತು. ಮಾಮಿ ಬಯ್ಯಲಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆಗೆಂದು ನಾನು ಕಣ್ಣು ಮುಚ್ಚಿದ ಕೂಡಲೇ ಹತ್ತಿರ ಸಿಕ್ಕಿದ್ದನ್ನು ನನ್ನ ತಲೆಯ ಮೇಲೆ ಹಾಕಿಬಿಡುತ್ತಿದ್ದಳು. ಒಂದು ದಿನ ಟವಲು. ಒಂದು ದಿನ ಅಪ್ಪನ ಕೋಟು. ಒಂದು ದಿನ ಗಡ್ಡೆ ತುಂಬುವ ಗೋಣಿ, ಮಣ್ಣು ಸಮೇತ! ಆಮೆನ್ ಎಂದು ಕಣ್ಣು ತೆರೆದರೆ ಅನ್ನದ ಮೇಲೆ ನೀಲಗಿರಿಯ ಕೆಂಪು ಮಣ್ಣು ಉದುರಿತ್ತು.

ಪದವಿ ಪಡೆದ ದಿನ ತೆಗೆಸಿದ ಫೋಟೋವನ್ನು ಬಹಳ ಸಂಕೋಚದಿಂದ ಅವಳಿಗೆ ತೋರಿಸಿದೆ. ನಾನು ಕರಿಯ ಗೌನು ತೊಟ್ಟು, ಬೆನ್ನ ಮೇಲೆ ಪದವೀಧರರ ಬಣ್ಣದ ಕುಲಾವಿ ಇಳಿಬಿಟ್ಟು, ಸ್ವಲ್ಪ ಓರೆಯಾಗಿ ನಿಂತಿದ್ದೆ. ಮಾಮಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದ ಏನ ಕೂಸೇ, ಬೆನ್ನ ಮೇಲೆ?"

"ಬಿ.ಎ. ಆದವರಿಗೆ ಕೊಡುತ್ತಾರೆ, ಮಾಮಿ."

"ಇಷ್ಟು ದೊಡ್ಡ ಮಂಡೆಬಟ್ಟೆ ಕೊಟ್ಟಿದಾರೆ, ಅದ ಬೆನ್ನಿಗ ಹಾಕಿ ನಿಂತಿದೀಯಲ್ಲ! ನಾಲ್ಕು ವರ್ಷ ಓದಿದ್ದು ಬೆನ್ನಾ, ಮಂಡೆಯಾ?"

ನಾನು ಫೋಟೋವನ್ನು ತೆಗೆದುಕೊಂಡು ಮತ್ತೆ ಪೆಟ್ಟಿಗೆಗೆ ಸೇರಿಸಿದೆ.

ಊಟಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ದಿನ ಮಾಮಿಯೂ ಮೋಟಾರು ಬಸ್ಸು ಹತ್ತಿದಳು. ತಿರುವು ಬಂದಾಗಲೆಲ್ಲ ಪ್ರಾರ್ಥನೆ ನಡೆಯಬೇಕು ಎಂಬುದು ಅವಳ ನಿಯಮ. ಸೋಲೂರಿನಿಂದ ಊಟಿಗೆ ತಿರುವುಗಳೆಷ್ಟು ಎಂದು ನಾನು ಹೇಳಬೇಕಾಗಿಲ್ಲ. ಮೂರನೆಯ ತಿರುವಿನಲ್ಲಿ ಡ್ರೈವರನ ಭುಜ ತಟ್ಟಿದಳು. ಹೆಂಗಸರು ತಲೆ ಮುಚ್ಚಬೇಕಾದರೆ ಗಂಡಸರು ತೆರೆಯಬೇಕು. ಆದ್ದರಿಂದ ಅವನು ಟೋಪಿ ತೆಗೆದು, ಕಣ್ಣು ಮುಚ್ಚಿ, ಎಲ್ಲರ ಜೊತೆ ಪ್ರಾರ್ಥಿಸಬೇಕು ಎಂದಳು. ಆ ತಮಿಳು ಡ್ರೈವರ್ ಒಳ್ಳೆಯವನು. ಟೋಪಿಯನ್ನು ತೆಗೆದು ಪಕ್ಕಕ್ಕಿಟ್ಟ.

"ತೊಪ್ಪಿ ಎಡುತ್ತಾಚ್ಚು ಅಮ್ಮಾ. ಕಣ್ಣ ಮಟ್ಟುಂ ಮೂಡಚ್ಚೊಲ್ಲಾದೀಂಗ!"

ಟೋಪಿ ತೆಗೆದಾಯಿತು, ಕಣ್ಣು ಮುಚ್ಚು ಎಂದು ಮಾತ್ರ ಹೇಳಬೇಡಿ! ಬಸ್ಸಿನವರೆಲ್ಲ ಅವನ ಪಕ್ಷವನ್ನೇ ವಹಿಸಿದರು. ನಾನು ಕಿಟಕಿಯ ಹೊರಗೆ ನೋಡುತ್ತ, ಈ ಹೆಂಗಸಿಗೂ ನನಗೂ ಸಂಬಂಧವಿಲ್ಲವೆಂಬಂತೆ ಕುಳಿತಿದ್ದೆ. ಅಷ್ಟರಲ್ಲಿ ನನ್ನ ತಲೆಯ ಮೇಲೆ ಏನೋ ಬಿತ್ತು. ಅವಳ ಶಾಲು. ಸಂಬಂಧ ಎಲ್ಲರಿಗೂ ತಿಳಿಯಿತು.

ಆದರೆ ಮಾಮಿಯ ನಿಜವಾದ ಆರಾಧನೆ ನಡೆಯುತ್ತಿದ್ದದ್ದು ಬೆಳಿಗ್ಗೆ, ನಮ್ಮ ಹೊಲದ ಅಂಚಿನಲ್ಲಿ. ಮಂಜು ಎದ್ದೊಡನೆ ಎಮ್ಮೆಯನ್ನು ಹಿಡಿದುಕೊಂಡು ಅಲ್ಲಿ ನಿಲ್ಲುತ್ತಿದ್ದಳು. ಅದೇ ಹೊತ್ತಿಗೆ ಹಳ್ಳದ ಆಚೆ ಹೆತ್ತೆಯೂ ತನ್ನ ಎಮ್ಮೆಯನ್ನು ಹೊರಗೆ ಬಿಡುತ್ತಿದ್ದಳು. ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ ಕೂಗಿದ ಮಾತು ಆಚೆಗೆ ಚೆನ್ನಾಗಿ ಕೇಳುತ್ತದೆ. ಮಗಳೊಂದಿಗೆ ಮಾತಿಲ್ಲ, ಸರಿ. ಎಮ್ಮೆಯೊಂದಿಗೆ ಮಾತಾಡಬಾರದೆಂದು ಯಾರು ಹೇಳಿದರು?

"ಕೇಳಿದೆಯಾ ಎಮ್ಮೆ," ಎಂದು ಮಾಮಿ ಕಣಿವೆಗೆಲ್ಲ ಕೇಳುವಂತೆ ಕೂಗಿದಳು, "ಅಣ್ಣನ ಕೂಸು ಬಿ.ಎ. ಪಾಸು!"

ಆಚೆಯಿಂದ ಹೆತ್ತೆಯ ದನಿ ಬಂತು.

"ಕೇಳಿದೆಯಾ ಎಮ್ಮೆ, ಪಾಸಾದವಳಿಗ ಒಬ್ಬ ಗಂಡ ಬೇಡವಾ?"

"ಎಮ್ಮೆ, ಅದ ಎನ್ನನ್ನ ಕೇಳಿದರೆ ಏನ? ಅಣ್ಣನ್ನ ಕೇಳಬೇಕು!"

"ಎಮ್ಮೆ, ಕೆಲವರ ಮಂಡೆಬಟ್ಟೆ ಇಲ್ಲಿಂದ ನೋಡಿದರೂ ವಾರೆ!"

ಮಾಮಿಯ ಎರಡೂ ಕೈ ತಟ್ಟನೆ ತಲೆಗೆ ಹೋದವು. ಈ ಎರಡು ಎಮ್ಮೆಗಳಿಗೆ ನಮ್ಮ ಮನೆತನದ ಸಮಾಚಾರ ನನಗಿಂತ ಹೆಚ್ಚು ತಿಳಿದಿತ್ತು. ಹಳ್ಳದ ಹತ್ತಿರ ನೀರಿಗೆ ಬಂದು ಎದುರಾದಾಗ ಅವು ಒಂದನ್ನೊಂದು ನೋಡುತ್ತಿದ್ದ ರೀತಿಯಲ್ಲೇ ಏನೋ ಒಳಗುಟ್ಟಿತ್ತು!

ನಾನು ಒಮ್ಮೆ ನಕ್ಕು ಕೇಳಿದೆ. "ಇಷ್ಟೆಲ್ಲ ಮಾತಾಡುತ್ತೀರಲ್ಲ ಮಾಮಿ, ಇನ್ನೇನು ಬೇಕು?"

ಮಾಮಿ ನಗಲಿಲ್ಲ. "ಮಂಡೆಪಟ್ಟು ಎನ್ನ ಮದುವೇಲಿ ಅವ್ವೆ ಕಟ್ಟಿದ್ದು ಕೂಸೇ. ಮಾತು ಬಿಟ್ಟಳು, ಬಟ್ಟೆ ಬಿಡು ಅಂತ ಹೇಳಿಲ್ಲೆ. ಅಲ್ಲಿಂದ ನೋಡಿದರೆ ಎನ್ನ ಗುರುತು ಸಿಗಬೇಕು ಅವಳಿಗ. ಒಂದು ದಿನ ಎಮ್ಮೆಯ ಬಿಟ್ಟು ಎನ್ನನ್ನ ಕರೆದರೆ ಸಾಕು. ಬೈದರೂ ಸಾಕು."

ಆ ವರ್ಷ ಹಿಮ ಬಹಳ ಬಿತ್ತು. ಜನವರಿಯಲ್ಲಿ ಎರಡು ದಿನ ಮಾಮಿ ಜ್ವರದಿಂದ ಮಲಗಿದಳು. ಜ್ವರ ಇಳಿಯುವಾಗ ಗಂಟಲನ್ನೂ ಕೊಂಡುಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಮನೆಯಲ್ಲಿ ಎಂಥ ನಿಶ್ಶಬ್ದ! ಅಪ್ಪ ಎರಡು ದಿನ ಸಂತೋಷದಿಂದಿದ್ದು, ಮೂರನೆಯ ದಿನದಿಂದ ಅವಳ ಮಂಚದ ಸುತ್ತ ಸುಳಿದಾಡತೊಡಗಿದರು. ಮಾಮಿಯ ಚಿಂತೆ ಬೇರೆ. ಹೊಲದ ಅಂಚಿಗೆ ಹೋಗದೆ ಐದು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ನನ್ನ ಕೈ ಹಿಡಿದು, ಕಿಟಕಿಯ ಕಡೆ ತೋರಿಸಿ, ಗಾಳಿಯಲ್ಲೇ ಹೇಳಿದಳು: ನೀ ಹೋಗಿ ಎಮ್ಮೆಗ ಹೇಳು.

ಹೋದೆ. ಎಮ್ಮೆಯ ಪಕ್ಕದಲ್ಲಿ ನಿಂತೆ. ಆಚೆ ಹೆತ್ತೆ ನಿಂತಿದ್ದಳು, ಕೈಯನ್ನು ಹಣೆಗೆ ಅಡ್ಡ ಹಿಡಿದು. ನಾನು ಬಾಯಿ ತೆರೆದೆ. ತರಗತಿಯಲ್ಲಿ ಕೂಡ ದನಿ ಎತ್ತದವಳು ನಾನು. ಮನೆಯ ವಿಷಯವನ್ನು ಕಣಿವೆಗೆಲ್ಲ ಕೂಗಿ ಹೇಳುವುದು ನನ್ನಿಂದ ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ತಲೆ ತಗ್ಗಿಸಿ, ಹಿಂದಿರುಗಿದೆ.

ನನ್ನ ತಲೆಯ ಮೇಲೆ ಏನೂ ಇರಲಿಲ್ಲ. ಅದು ನನಗೆ ನೆನಪೂ ಆಗಲಿಲ್ಲ. ಬೆಳಿಗ್ಗೆ ಹೆಂಗಸೊಬ್ಬಳು ಬರಿತಲೆಯಲ್ಲಿ ಹೊಲದ ಅಂಚಿಗೆ ಬಂದು ಮಾತಿಲ್ಲದೆ ನಿಂತು ಹೋದರೆ ಹಟ್ಟಿಯವರು ಅದಕ್ಕೆ ಒಂದೇ ಅರ್ಥ ಮಾಡುತ್ತಾರೆ: ಆ ಮನೆಯಲ್ಲಿ ಸಾವಾಗಿದೆ.

ಆರಾಧನೆಗೆ ಬರಲೇಬೇಕೆಂದು ಮಾಮಿ ಹಠ ಹಿಡಿದಳು. ಅವಳನ್ನು ಕಂಬಳಿಯಲ್ಲಿ ಸುತ್ತಿ ಬಾಗಿಲ ಹತ್ತಿರದ ಚಾಪೆಯ ಮೇಲೆ ಕೂರಿಸಿದೆ. ಎರಡನೆಯ ಹಾಡು ಮುಗಿಯುತ್ತಿತ್ತು. ಹೊರಗೆ ಕೋಲಿನ ಸದ್ದಾಯಿತು. ಹೆತ್ತೆ! ಮೊಣಕಾಲಿನವರೆಗೆ ಒದ್ದೆ, ಏದುಸಿರು. ಹೊಸ್ತಿಲ ಆಚೆಯೇ ನಿಂತು, ಯಾರನ್ನೂ ನೋಡದೆ, "ಎನ್ನ ಹೆಣ್ಣ ಎಲ್ಲಿ ಮಲಗಿಸಿದೀರಿ?" ಎಂದಳು.

ಆಮೇಲೆ ಕಾಲ ಬಳಿಯ ಕಂಬಳಿಯನ್ನು ನೋಡಿದಳು. ಕಂಬಳಿಯೊಳಗೆ ಎರಡು ಕಣ್ಣು.

"ಸತ್ತಿಲ್ಲೆಯಾ ನೀ?" ಹೆತ್ತೆಯ ಸಿಟ್ಟು ಸೂರು ಹಾರಿಸುವಂತಿತ್ತು. "ಸತ್ತಿಲ್ಲದಿದ್ದರೆ ಮಾತಾಡಕ್ಕೆ ಏನ ಕೇಡು ನಿನಗ? ಐದು ದಿನ! ಐದು ದಿನ ಎನ್ನ ಹೊಟ್ಟೆಗ ಬೆಂಕಿ ಹಾಕಿದೆ! ಮಾತಾಡು!"

ಇಪ್ಪತ್ತು ವರ್ಷದ ಮೇಲೆ ತಾಯಿ ಮಗಳನ್ನೇ ನೋಡಿ, ಮಗಳಿಗೇ ಹೇಳಿದ ಮಾತು ಇದು. ಎಂದೂ ಸುಮ್ಮನಾಗದ ನಮ್ಮ ಮಾಮಿ ಬಾಯಿ ತೆರೆದಳು. ಗಾಳಿ ಬಂತು. ಇನ್ನೊಮ್ಮೆ ತೆರೆದಳು. ಏನೂ ಬರಲಿಲ್ಲ.

ನಮ್ಮ ಹಟ್ಟಿಗಳಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆಯ ಬಟ್ಟೆ ತೆಗೆದು ಬಗ್ಗುತ್ತಾರೆ. ಹಿರಿಯರು ಬರಿಯ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಮಾಮಿ ಕಂಬಳಿಯಿಂದ ಕೈಗಳನ್ನು ಹೊರತೆಗೆದಳು. ಸೆರಗನ್ನು ಇಳಿಸಿದಳು. ಮಂಡೆಪಟ್ಟಿನ ಗಂಟು ಬಿಚ್ಚಿದಳು. ಆರಾಧನೆಯ ನಡುವೆ, ಇಡೀ ಸಭೆಯ ಮುಂದೆ, ಬರಿಯ ತಲೆಯನ್ನು ಹೊಸ್ತಿಲ ಕಡೆಗೆ ಬಗ್ಗಿಸಿದಳು. ಕೂದಲು ತೆಳುವಾಗಿ, ಪೂರ್ತಿ ನರೆತಿತ್ತು. ಅವಳು ಮುದುಕಿಯಾಗಿದ್ದಾಳೆಂದು ನಮಗೆ ಯಾರಿಗೂ ಗೊತ್ತೇ ಆಗಿರಲಿಲ್ಲ.

ಹೆತ್ತೆಯ ಕೋಲು ಕೆಳಗೆ ಬಿತ್ತು. ಅವಳ ಕೈ ಆ ತಲೆಯ ಮೇಲೆ ಬಂತು.

"ಎಲ್ಲರೂ ಕಣ್ಣು ಮುಚ್ಚಿರಿ, ಪ್ರಾರ್ಥಿಸೋಣ," ಎಂದರು ಉಪದೇಶಿಗಳು, ಅವಸರದಲ್ಲಿ. ಎಲ್ಲರೂ ಮುಚ್ಚಿದರು. ನಾನು ಮುಚ್ಚಲಿಲ್ಲ. ಅವರು ಇಂಗ್ಲೆಂಡಿನಲ್ಲಿರುವ ಚಕ್ರವರ್ತಿಗಳ ಆರೋಗ್ಯಕ್ಕಾಗಿ ಪ್ರಾರ್ಥಿಸಿದರು. ಮಳೆಗಾಗಿ, ಬೆಳೆಗಾಗಿ, ರೋಗಿಗಳಿಗಾಗಿ, ಸಮುದ್ರದಲ್ಲಿ ಪ್ರಯಾಣ ಮಾಡುವವರಿಗಾಗಿ ಪ್ರಾರ್ಥಿಸಿದರು. ಕುಂದಾ ಕಡೆಯ ರಸ್ತೆ ಕೆಲಸದವರಿಗಾಗಿ ಕೂಡ. ಆಮೇಲೆ ವಿಷಯ ಮುಗಿಯಿತು. ಒಂದು ಕಣ್ಣನ್ನು ಸ್ವಲ್ಪವೇ ತೆರೆದು ಬಾಗಿಲ ಕಡೆ ನೋಡಿದರು. ಕೈ ಇನ್ನೂ ತಲೆಯ ಮೇಲೆಯೇ ಇತ್ತು.

ಉಪದೇಶಿಗಳು ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ಮತ್ತೆ ಚಕ್ರವರ್ತಿಗಳಿಂದ ಪ್ರಾರಂಭಿಸಿದರು.