ಬಿಸಿನೀರು, ಕಚಕಡ, ನನ್ನ ಹೆಬ್ಬೆರಳು

ಯಾವ ಗಳಿಗೆಯಲ್ಲಿ ಕಚಕಡದ ಕೆಲಸಕ್ಕೆ ಕೈ ಹಾಕಿದೆನೋ, ಅಂದಿನಿಂದ ನಗೆಯ ಪ್ರಸಂಗಗಳು ನನ್ನ ಅಂಗಡಿಯ ದಾರಿ ಕೇಳಿಕೊಂಡು ಬರತೊಡಗಿದವು. ಶಿಗ್ಗಾಂವಿಯ ಪೇಟೆಯಲ್ಲಿ ನನ್ನದೊಂದು ಕಟ್ಟೆಯಂಗಡಿ. ಚಾಳೀಸಿನ ಚೌಕಟ್ಟು, ಬಾಚಣಿಕೆ, ಹಾರ್ಮೋನಿಯಂ ಪಟ್ಟಿ, ಎಲ್ಲದರ ದುರಸ್ತಿ ಅಲ್ಲಿ. ಹುಬ್ಬಳ್ಳಿಯಿಂದ ಕಚಕಡದ, ಅಂದರೆ ಸೆಲ್ಯುಲಾಯ್ಡಿನ, ಹಾಳೆ ತರುವುದು, ಕುದಿಯುವ ನೀರಲ್ಲಿ ಅದ್ದುವುದು, ಹಸಿ ಹಪ್ಪಳದಂತೆ ಮೆತ್ತಗಾದಾಗ ಬೇಕಾದ ಹಾಗೆ ಬಗ್ಗಿಸಿ ತಣ್ಣೀರಿಗೆ ಹಾಕುವುದು. ಆರಿದರೆ ಗಟ್ಟಿ, ಮತ್ತೆ ಕಾಸಿದರೆ ಮತ್ತೆ ಮೆತ್ತಗೆ. ಉರಿಗೆ ಮಾತ್ರ ಹಿಡಿಯಬಾರದು, ಭಗ್ಗೆಂದು ಹೊತ್ತಿಬಿಡುತ್ತದೆ. ಇಷ್ಟೇ ವಿದ್ಯೆ. ಇದರಲ್ಲಿ ಹೊಟ್ಟೆಯೂ ತುಂಬುತ್ತಿತ್ತು, ಮನಸ್ಸೂ ತುಂಬುತ್ತಿತ್ತು.

ಪ್ರಸಾದ

ಕಚಕಡದಲ್ಲಿ ಕರ್ಪೂರ ಬೆರೆತಿರುತ್ತದೆ. ಬಿಸಿನೀರಿಗೆ ಹಾಕಿದರೆ ಸಾಕು, ಇಡೀ ಓಣಿ ಮಂಗಳಾರತಿಯ ಹಾಗೆ ಘಮಘಮಿಸುತ್ತದೆ. ಒಂದು ಸಂತೆಯ ದಿನ ಹುಲಗೂರಿನ ಅಜ್ಜನೊಬ್ಬ ಕಟ್ಟೆಯ ಕೆಳಗೆ ಕೆರ ಬಿಟ್ಟು ಬಂದು, ನನ್ನ ಪಾತ್ರೆಯ ಹಬೆಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡ.

"ಅಜ್ಜಾ, ಇಲ್ಲಿ ದೇವರಿಲ್ಲ. ಬಾಚಣಿಕಿ ಕುದಸಾಕತ್ತೇನಿ" ಎಂದೆ.

"ಇರವಲ್ದ್ಯಾಕ. ಪ್ರಸಾದ ಕೊಡ್ರಿ" ಎಂದು ಕೈ ಚಾಚಿದ.

ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಒಂದು ಮುರುಕು ಬಾಚಣಿಕೆ ಕೊಟ್ಟೆ. ಭಕ್ತಿಯಿಂದ ತಲೆಯಲ್ಲಿ ಸಿಕ್ಕಿಸಿಕೊಳ್ಳಲು ರುಮಾಲು ತೆಗೆದ. ಸಿಕ್ಕಿಸಲು ಅಲ್ಲಿ ಒಂದು ಕೂದಲೂ ಇರಲಿಲ್ಲ.

ಸೊಟ್ಟ ರಸ್ತೆ

ಸವಣೂರಿನಿಂದ ಯಲವಿಗಿ ಸ್ಟೇಶನ್ನಿಗೆ ಹೋಗುವ ಮೋಟಾರಿನ ಪಕ್ಕದ ಬಟ್ಟೆ ಪರದೆಗೆ ಕಚಕಡದ ಕಿಟಕಿಗಳಿದ್ದವು. ಹಳೆಯವು ಒಡೆದಿದ್ದರಿಂದ ಹೊಸ ಹಾಳೆ ಹೊಲಿಸಿ ಕೊಟ್ಟೆ. ಹಾಳೆ ತೀರಾ ತೆಳುವಿತ್ತು. ಬೇಸಗೆಯ ಬಿಸಿಲಲ್ಲಿ ಮೋಟಾರು ನಿಂತೇ ನಿಂತು, ಕಿಟಕಿಗಳೆಲ್ಲ ಮೆತ್ತಗಾಗಿ ಅಲೆ ಅಲೆಯಾದವು. ಮೋಟಾರು ಹೊರಟಾಗ ಒಳಗೆ ಕೂತವರಿಗೆ ಗಿಡಗಳು ಬಾಗುತ್ತಿದ್ದವು, ರಸ್ತೆ ಹೊರಳುತ್ತಿತ್ತು. "ಡ್ರೈವರ ಸೇಂದಿ ಕುಡದಾನ, ಗಾಡಿ ನಿಂದರಸ್ರಿ!" ಎಂದು ಗದ್ದಲ ಎದ್ದಿತು. ಜನ್ಮದಲ್ಲಿ ಸೇಂದಿ ಮುಟ್ಟದ ಪ್ರಾಣಿ ಅದು. ಮರುದಿನ ನನ್ನ ಅಂಗಡಿಗೆ ಬಂದು ಕೂತ.

"ಕುಡೀಲಾರ್ದನ ಹೆಸರು ಬಂತ್ರಿ. ಇನ್ನ ರೊಕ್ಕ ನೀವು ಕೊಡ್ರಿ, ಕುಡದರ ಕುಡೀತೇನಿ."

ಬಳೆ

ಮದುವೆಯಾದ ಹೊಸತರಲ್ಲಿ ಹಾಳೆಯದೊಂದು ಪಟ್ಟಿ ಕತ್ತರಿಸಿ, ಕಾಸಿ, ಬಳೆಯಾಗಿ ಬಗ್ಗಿಸಿ ಹೆಂಡತಿಯ ಕೈಗೆ ತೊಡಿಸಿದ್ದೆ. ಅವಳು ಹಂಡೆಯ ಬಿಸಿನೀರಲ್ಲಿ ಕೈ ಅದ್ದಿದ್ದೇ ತಡ, ಬಳೆ ಬಿಚ್ಚಿಕೊಂಡು ತಳದಲ್ಲಿ ನೆಟ್ಟಗೆ ಮಲಗಿತು.

"ನಿಮ್ಮಂಗ ಐತಿ ನೋಡ್ರಿ. ಒಂಚೂರು ಬಿಸಿ ತಾಗಿದ್ರ ಕೈ ಬಿಟ್ಟು ಹೊಂಟಬಿಡತೈತಿ" ಎಂದಳು.

ಹಿರೇಕೆರೂರಿನ ಚಹಾ

ಯುದ್ಧದ ಕಾಲ, ಸಕ್ಕರೆಗೆ ಕಂಟ್ರೋಲು. ಹಿರೇಕೆರೂರಿನಲ್ಲಿ ನನ್ನ ಹೆಂಡತಿಯ ಅಕ್ಕನ ಮಗಳನ್ನು ನೋಡಲು ಹಾನಗಲ್ಲಿನಿಂದ ಗಂಡಿನವರು ಬಂದಿದ್ದರು, ನಾವೂ ಹೋಗಿದ್ದೆವು. ಹಿಂದಿನ ಸಂಬಂಧಗಳೆಲ್ಲ ಕೊನೆ ಗಳಿಗೆಯಲ್ಲಿ ಮುರಿದು ಹುಡುಗಿಯ ತಾಯಿ ಚಿಂತೆಯಲ್ಲಿ ಹಣ್ಣಾಗಿದ್ದರು. ಈ ಸಲ ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆಯಾಗಿತ್ತು. ಉಳಿದದ್ದು ಹುಡುಗನ ಅಜ್ಜನ ಒಂದು ಮಾತು. ಸಂಬಂಧದಲ್ಲಿ ಹುಳುಕು ತೆಗೆಯುವುದರಲ್ಲಿ ಆ ಅಜ್ಜ ಹೆಸರಾದವರು. ಅವರ ಮೇಲಿನ ಹಲ್ಲುಗಳು ಕಟ್ಟಿಸಿದವು. ಅಂಗುಳಕ್ಕೆ ಕೂಡುವ ತಟ್ಟೆ ಕಚಕಡದ್ದು.

ಅಜ್ಜ ಕುದಿಕುದಿ ಚಹಾ ಒಂದು ಗುಟುಕು ಹೀರಿ, "ಎಲ್ಲಾ ಚಲೋ ಐತ್ರಿ. ಆದ್ರ..." ಎಂದರು. ಹುಡುಗಿಯ ತಾಯಿಯ ಮುಖ ಬಿಳಿಚಿತು. ಅಜ್ಜ ಇನ್ನೊಂದು ದೊಡ್ಡ ಗುಟುಕು ಹೀರಿದರು. ಹಲ್ಲಿನ ತಟ್ಟೆ ಮೆತ್ತಗಾಗಿ ಮಡಚಿಕೊಂಡು, ಹಲ್ಲೆಲ್ಲ ನಾಲಗೆಯ ಮೇಲೆ ಬಂದು ಕೂತವು. "ಬ... ಬ..." ಎಂಬುದರ ಹೊರತು ಮಾತೇ ಹೊರಡಲೊಲ್ಲದು.

ಕಚಕಡದವನೆಂದು ಎಲ್ಲರೂ ನನ್ನನ್ನು ಮುಂದೆ ನೂಕಿದರು. ತಟ್ಟೆಯನ್ನು ಬಾಯಿಂದ ತೆಗೆದು ಬಿಸಿನೀರಲ್ಲಿ ಅದ್ದಿ, ನೆಟ್ಟಗೆ ಮಾಡಿ, ಬಾಯಿ ತಾಳುವಷ್ಟು ಬಿಸಿಯಿರುವಾಗಲೇ ಕೂಡಿಸಿ, ಹೆಬ್ಬೆರಳಿಂದ ಅಂಗುಳಕ್ಕೆ ಒತ್ತಿ ಹಿಡಿದೆ. "ಆರೋ ಮಟಾ ಮಾತಾಡಬ್ಯಾಡ್ರಿ, ಅಜ್ಜಾರ."

ಹಿಂದಿನಿಂದ ಹುಡುಗಿಯ ತಾಯಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಹೆಬ್ಬಟ್ಟು ತಗೀಬ್ಯಾಡ್ರಿ. ವೀಳ್ಯ ಬದಲಾಗೂ ಮಟಾ ಹಂಗ ಹಿಡೀರಿ, ನಿಮಗ ಕೈ ಮುಗೀತೇನಿ."

ತಟ್ಟೆ ಆರಿ ಎಷ್ಟೋ ಹೊತ್ತಾಗಿತ್ತು. ಆದರೂ ಹಿಡಿದೆ. ಆಕೆ ಪಡಸಾಲೆಯತ್ತ ತಿರುಗಿ, "ಎಲ್ಲಾ ಚಲೋ ಐತಿ ಅಂತ ಅಜ್ಜಾರ ಹೇಳ್ಯಾರಲ್ರಿ, ಮತ್ಯಾಕ ತಡಾ?" ಎಂದರು. ನಾಚಿಕೆ ಬಿಟ್ಟು ಹುಡುಗನೇ ಎಲೆ ಅಡಿಕೆಯ ತಾಟನ್ನು ಮುಂದೆ ಸರಿಸಿದ. ಅಜ್ಜ ಕಣ್ಣು ಅರಳಿಸಿ ಎರಡೂ ಕೈ ಮೇಲೆತ್ತಿ ಬೀಸಿದರು. "ನಮ್ಮಪ್ಪ ಆಶೀರ್ವಾದ ಮಾಡಾಕತ್ತಾರ" ಎಂದ ಹುಡುಗನ ತಂದೆ. ವೀಳ್ಯ ಬದಲಾಯಿತು.

ಹೆಬ್ಬೆರಳು ತೆಗೆದೆ. ಅದರ ಮೇಲೆ ಅಜ್ಜನ ಹಲ್ಲುಗಳ ಗುರುತು ಸಾಲಾಗಿ ಮೂಡಿತ್ತು. ಹುಡುಗಿಯ ತಾಯಿ ಕಂಬ ಹಿಡಿದು ನಿಂತಿದ್ದರು. ಅಜ್ಜ ದವಡೆ ಆಡಿಸಿ ನೋಡಿ, ಸುತ್ತಲಿನವರನ್ನೆಲ್ಲ ಒಮ್ಮೆ ದಿಟ್ಟಿಸಿದರು.

"ಆದ್ರ, ಚಹಾಕ್ಕ ಸಕ್ಕರಿ ಸಾಲದು ಅಂತ ಹೇಳಾಕ ಹೊಂಟಿದ್ನಿ. ಕಂಟ್ರೋಲ್ ಇದ್ರ ಇರವಲ್ದ್ಯಾಕ, ಬೀಗರಿಗೆ ಒಂದ್ ಚಮಚಾ ಸಕ್ಕರಿ ಕೇಳಿದ್ರ ಬಾಯಾಗ ಹೆಬ್ಬಟ್ಟು ಇಡೂದೇನ್ರಿ?"